ಚಂಚಿಗೊಂದು ಕುಣಿ

ರಬಕವಿಯ ಸೀರೆ ವ್ಯಾಪಾರಿ ಚನಮಲ್ಲಪ್ಪನವರ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ ಹಲ್ಲಿಗಾಗಿಯೇ ಇದೆ ಎಂದು ನಂಬುವ ಹಾಗಿರಲಿಲ್ಲ. ಆ ದಿನ ಬೆಳಿಗ್ಗೆ ಅವರ ಹೆಂಡತಿ ಗಂಗಾಂಬಿಕಾ ನಿದ್ದೆಗಣ್ಣಿನಲ್ಲಿ ಬಚ್ಚಲ ಗೂಡಿನ ಬ್ರಷ್ ತೆಗೆದು ಬಾಯಿಗಿಟ್ಟಳು. ಎರಡು ಸಲ ಎಳೆದವಳು ಹಾಗೇ ನಿಂತುಬಿಟ್ಟಳು. ಬಾಯಿತುಂಬ ತಂಬಾಕಿನ ವಾಸನೆ, ಅದರ ಹಿಂದೆಯೇ ಹಳೆ ಸುಣ್ಣದ ಉರಿ.

ಬಾಯಿ ತೊಳೆದುಕೊಂಡು ಪಡಸಾಲೆಗೆ ಬಂದು, “ಯಾರದ್ರಿ ಇದು?” ಎಂದು ಕೇಳಿದಳು. ಅವಳು ಕೇಳಿದ್ದು ಬ್ರಷ್ ಯಾರದೆಂದಲ್ಲ, ವಾಸನೆ ಯಾರದೆಂದು.

“ಬಾಳೇಶನ ಮುತ್ಯಾಂದು,” ಎಂದರು ಚನಮಲ್ಲಪ್ಪನವರು, ತಲೆ ಎತ್ತದೆ. ಅವರ ತೊಡೆಯ ಮೇಲೆ ಒಂದು ಹಳೆ ಚಂಚಿ ಬಾಯಿ ತೆರೆದುಕೊಂಡು ಕೂತಿತ್ತು. “ಒಳಗಿನ ಅರಿಯೊಳಗ ಸುಣ್ಣ ಕಲ್ಲಾಗಿ ಕುಂತಿತ್ತು ನೋಡು. ಮೆತ್ತಗ ತಿಕ್ಕಿ ತಗದೆ. ಭಾಳ ಛಲೋ ಮನಷ್ಯಾ, ಪಾಪ.”

“ಅವರು ಮಣ್ಣಾಗ ಹೋಗಿ ಇನ್ನಾ ವಾರ ಆಗಿಲ್ಲ. ಅವರ ಸುಣ್ಣ ನನ್ನ ಬಾಯಾಗ ಬಂತು.”

“ನೀ ನೋಡಿ ತಗೋಬೇಕಿತ್ತು.”

“ನಾ ನೋಡೇ ತಗೊಂಡೇನ್ರಿ. ನಿಮ್ಮನ್ನ. ಮೂವತ್ತ ವರ್ಷದ ಹಿಂದ. ಅವಾಗೇನೂ ವಾಸನಿ ಇರಲಿಲ್ಲ.”

ಚಂಚಿ ಎಂದರೆ ಎಲೆ ಅಡಿಕೆಯ ಬಟ್ಟೆಚೀಲ. ಹೊರಗಿನಿಂದ ನೋಡಿದರೆ ಅಂಗೈ ಅಗಲ. ಬಿಚ್ಚಿದರೆ ಹೊಟ್ಟೆಯೊಳಗೆ ಅರೆಯ ಮೇಲೆ ಅರೆ: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು, ಸೊಸೆಗೆ ಹೇಳದ ಚಿಲ್ಲರೆಗೊಂದು. ಬಾಯಿಗೆ ದಾರದ ಕಸಿ ಇರುತ್ತದೆ, ಎಳೆದರೆ ಬಾಯಿ ಮುಚ್ಚುತ್ತದೆ. (ಈ ಸೌಕರ್ಯ ಮನುಷ್ಯರಿಗೂ ಇರಬೇಕಿತ್ತು ಎಂದು ಚನಮಲ್ಲಪ್ಪನವರು ಹೆಂಡತಿಯ ಎದುರಿಗೆ ಒಮ್ಮೆ ಹೇಳಿದ್ದರು. ಒಮ್ಮೆ ಮಾತ್ರ.) ಸೊಂಟಕ್ಕೆ ಚಂಚಿ ಸಿಕ್ಕಿಸಿಕೊಂಡು ಓಡಾಡುವ ಮುದುಕ ಮುದುಕಿಯರು ಈಗ ಊರಿಗೆ ನಾಲ್ಕು ಮಂದಿ ಉಳಿದಿದ್ದರೆ ಹೆಚ್ಚು. ಉಳಿದವರೆಲ್ಲ ಗುಟ್ಕಾ ಪುಡಿಕೆ ಹರಿದು ಬಾಯಿಗೆ ಸುರುವಿಕೊಳ್ಳುವವರು. ಹೀಗಾಗಿ ಹಳೆ ಚಂಚಿಗಳನ್ನು ಹುಡುಕಿ, ತಂದು, ರಿಪೇರಿ ಮಾಡಿ, ಗೋಡೆಗೆ ಹಾಕುವ ಮಹತ್ಕಾರ್ಯವನ್ನು ಚನಮಲ್ಲಪ್ಪನವರು ತಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದರು. ರಿಪೇರಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ‘ಜೀರ್ಣೋದ್ಧಾರ’ ಅನ್ನಬೇಕು.

ಜೀರ್ಣೋದ್ಧಾರ ಸುಮ್ಮನೆ ಆಗುವುದಿಲ್ಲ. ಅಂಟವಾಳದ ನೀರಿನಲ್ಲಿ ನೆನೆಹಾಕಬೇಕು, ಹಿಂಡದೆ ನೆರಳಿನಲ್ಲಿ ಒಣಗಿಸಬೇಕು. ಹರಿದಲ್ಲಿಗೆ ಅದೇ ಕಾಲದ ಖಣದ ತುಂಡು ಹುಡುಕಿ ತೇಪೆ ಹಾಕಬೇಕು. ಸೀರೆ ಅಂಗಡಿಯಲ್ಲಿ ಕೂತು ಕೂತು ಬಟ್ಟೆಯ ವಯಸ್ಸನ್ನು ಬೆರಳಿನಿಂದಲೇ ಹೇಳುವ ಚನಮಲ್ಲಪ್ಪನವರಿಗೆ ಇದೆಲ್ಲ ಬರುತ್ತಿತ್ತು. ಬರದೇ ಇದ್ದದ್ದು ಒಂದೇ, ಎಲೆ ತಿನ್ನುವುದು. ಹಲ್ಲು ಕೆಡುತ್ತವೆಂದು ಅವರು ಜನ್ಮದಲ್ಲಿ ಒಂದು ಅಡಿಕೆ ಚೂರನ್ನೂ ಬಾಯಿಗೆ ಹಾಕಿದವರಲ್ಲ.

ಕಷ್ಟವೆಂದರೆ, ಎಲೆ ತಿನ್ನುವ ಹಿರಿಯರು ಹೋದಾಗ ಅವರ ಚಂಚಿಯನ್ನೂ ಜೊತೆಗೇ ಹೂಳುವ ಕುಣಿಯಲ್ಲಿಡುವುದು ಅವರ ಬಳಗದ ಮನೆಗಳಲ್ಲಿ ರೂಢಿ. ಅಲ್ಲಿ ಹೋಗಿ ಎಲೆಗೆ ಯಾರ ಮುಂದೆ ಕೈ ಒಡ್ಡಬೇಕು ಎಂಬ ಲೆಕ್ಕ. ಆದ್ದರಿಂದ ಚಂಚಿ ಬೇಕಾದವನು ಮಣ್ಣಿಗೇ ಹೋಗಬೇಕು. (ಈ ಕಡೆ ಮಣ್ಣಿಗೆ ಹೋಗುವುದೆಂದರೆ ಸತ್ತವರನ್ನು ಕುಣಿಯವರೆಗೆ ಕಳಿಸಿ ಬರುವುದು.) ಚನಮಲ್ಲಪ್ಪನವರು ಹೋಗುತ್ತಿದ್ದರು. ಜಮಖಂಡಿಯಿಂದ ಬೀಳಗಿಯವರೆಗೆ, ಮುಧೋಳದಿಂದ ಲೋಕಾಪುರದವರೆಗೆ, ಬಳಗದಲ್ಲಿ ಯಾರದೇ ಮಣ್ಣಿರಲಿ, ಮೊದಲ ಬಸ್ಸಿಗೆ ಹಾಜರು. ಚೀಲದಲ್ಲಿ ಒಂದು ಹೊಸ ಕೆಂಪು ಚಂಚಿ. ಅತ್ತವರ ಜೊತೆ ಅತ್ತು, ಹೆಣ ಏಳುವ ಹೊತ್ತಿಗೆ ಮೆಲ್ಲಗೆ ಮನೆಯವರ ಕಿವಿಯ ಹತ್ತಿರ ಬಗ್ಗಿ, “ಹಿರ್ಯಾರನ್ನ ಹರಕ ಚಂಚಿ ಕೊಟ್ಟು ಹೆಂಗ ಕಳಸೂದ್ರಿ? ನಾ ಹೊಸಾದು ತಂದೇನಿ, ಇದನ್ನ ಇಡ್ರಿ,” ಎನ್ನುತ್ತಿದ್ದರು. ಮನೆಯವರು ಕೈ ಮುಗಿಯುತ್ತಿದ್ದರು. ಎಂಥ ದೊಡ್ಡ ಮನಸ್ಸು! ಹೊಸ ಚಂಚಿ ಕುಣಿಗೆ, ಹಳೆಯದು ರಬಕವಿಗೆ.

ಹೀಗೆ ತಂದ ಚಂಚಿಗಳು ಅಡಿಗೆಮನೆಯ ಬಾಗಿಲಿನ ಎರಡೂ ಬದಿಗೆ ಗೂಟಕ್ಕೊಂದರಂತೆ ತೂಗುತ್ತಿದ್ದವು. ಚನಮಲ್ಲಪ್ಪನವರಿಗೆ ಅವುಗಳ ಬಟ್ಟೆ, ಹೊಲಿಗೆ, ಕಾಲ ಗೊತ್ತು. ಗಂಗಾಂಬಿಕಾಗೆ ಅವುಗಳ ಹೆಸರು ಗೊತ್ತು. ಮಳೆಗಾಲದ ಥಂಡಿಗೆ ಒಂದೊಂದೂ ತನ್ನ ತನ್ನ ವಾಸನೆ ಬಿಡುತ್ತಿತ್ತು. “ಇವತ್ತು ಬೀಳಗಿ ಅತ್ತಿ ಬಂದಾರ ನೋಡ್ರಿ,” ಎನ್ನುತ್ತ ಅವಳು ರೊಟ್ಟಿ ಬಡಿಯುತ್ತಿದ್ದಳು. ಸತ್ತವರ ಸೊಂಟಗಳ ನಡುವೆ ನುಸುಳಿ ದಿನಕ್ಕೆ ಹತ್ತು ಸಲ ಅಡಿಗೆಮನೆ ಹೊಕ್ಕು ಬರುವುದು ಅವಳಿಗೆ ಸಾಕಾಗಿ ಹೋಗಿತ್ತು.

ಊರೂರಲ್ಲಿ ಚನಮಲ್ಲಪ್ಪನವರಿಗೆ ಒಂದು ಕೀರ್ತಿಯೂ ಬಂದಿತ್ತು, ಬಯಸಿದ ಕೀರ್ತಿಯಲ್ಲ. ಜಡ್ಡಾಗಿ ಮಲಗಿದವರನ್ನು ನೋಡಲು ಅವರು ಹೋದರೆ, ಜಡ್ಡಾದವರು ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಒಬ್ಬ ಮುದುಕ ಅವರನ್ನು ಕಂಡವನೇ ಹಾಸಿಗೆಯಿಂದ ಎದ್ದು ಹೊಲಕ್ಕೆ ಹೋದನಂತೆ, ಮಗ ಸಂತೋಷದಿಂದ ಹೇಳುತ್ತಿದ್ದ. ಇಷ್ಟು ಮಣ್ಣು ಕಂಡ ಮನುಷ್ಯ ಎಂದು ಸಾವಿನ ವಿಷಯದಲ್ಲಿ ಅವರ ಮಾತಿಗೆ ಬೆಲೆಯೂ ಬಂದಿತ್ತು. ಹೆಣವನ್ನು ಯಾವಾಗ ಕೂಡಿಸಬೇಕು, ಕುಣಿ ಎಷ್ಟು ಆಳ, ವಿಭೂತಿ ಎಷ್ಟು ತರಿಸಬೇಕು, ಎಲ್ಲಕ್ಕೂ ಅವರನ್ನೇ ಕೇಳುವುದು.

ಆದರೆ ಅವರ ಜೀವ ಇದ್ದದ್ದು ಗೋಡೆಯ ಮೇಲಿನ ಯಾವ ಚಂಚಿಯಲ್ಲೂ ಅಲ್ಲ. ರನ್ನ ಬೆಳಗಲಿಯ ತಂಗೆವ್ವನ ಚಂಚಿಯಲ್ಲಿ.

ತಂಗೆವ್ವ ಅವರ ಚಿಗವ್ವ, ತಾಯಿಯ ತಂಗಿ. ತಾಯಿ ಹೋದಮೇಲೆ ಅವರನ್ನು ಸಾಕಿದವಳು ಅವಳೇ. ಅವಳ ಚಂಚಿಗೆ ಒಂಬತ್ತು ಅರೆ. ಅವಳ ತಾಯಿ ಮದುವೆಯ ಖಣಗಳ ಚೂರು ಕೂಡಿಸಿ ಹೊಲಿದದ್ದು, ಕಸಿಯ ತುದಿಗೆ ಕವಡೆ. ಎಲ್ಲಕ್ಕಿಂತ ಸಣ್ಣ ಅರೆಯಲ್ಲಿ ಪುಠಾಣಿ, ಬೆಲ್ಲ. ಅಳುವ ಮಕ್ಕಳಿಗೆ ಅದು. ಚನಮಲ್ಲಪ್ಪನವರು ಆ ಅರೆಯ ಬೆಲ್ಲ ತಿಂದೇ ತಾಯಿಯನ್ನು ಮರೆತವರು. ಅಂಥ ಚಂಚಿ ಮಣ್ಣುಪಾಲಾಗುವುದೆಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಚಿಗವ್ವ ಮಣ್ಣುಪಾಲಾಗುವುದರ ಬಗ್ಗೆ ಅಷ್ಟು ಯೋಚನೆ ಮಾಡಿರಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಹೊಸ ಕೆಂಪು ಚಂಚಿಯ ಆಟ ಅಲ್ಲಿ ನಡೆಯುವಂತಿರಲಿಲ್ಲ. “ನನ್ನ ಚಂಚಿ ನನ್ನ ಸಂಗಾಟ ಕುಣಿಯಾಗ,” ಎಂದು ತಂಗೆವ್ವ ಓಣಿಗೆಲ್ಲ ಸಾರಿಟ್ಟಿದ್ದಳು. ಮುಟ್ಟಲು ಹೋದರೆ ಕೈಯ ಮೇಲೆ ಏಟು. ಮಲಗಿದಾಗಲೂ ಅವಳ ಒಂದು ಕೈ ಸೊಂಟದ ಮೇಲೆ ಕಾವಲಿಗಿರುತ್ತಿತ್ತು.

ಚನಮಲ್ಲಪ್ಪನವರು ಬಾಳೆಹಣ್ಣು ಹಿಡಿದುಕೊಂಡು ಹೋಗುವುದು, ಮೊಬೈಲಿನಲ್ಲಿ ಫೋಟೋ ತೆಗೆಯುವುದು ಶುರುಮಾಡಿದರು.

“ನಂದು ತಗಿಯಾಕತ್ತಿಯೋ, ಚಂಚೀದೋ?” ಎಂದಳು ತಂಗೆವ್ವ.

“ಎರಡೂ ಬರ್ತಾವ ಬೇ.”

“ಹಂಗಾರ ಇದರಾಗ ನನ್ನ ಮಾರಿ ಎಲ್ಲೈತಿ? ಬರೇ ಸೊಂಟ ಕಾಣತೈತಿ.”

ಆ ಫೋಟೋಗಳನ್ನು ಮುಂದಿಟ್ಟುಕೊಂಡು ಅವರು ಒಂದು ನಕಲು ಹೊಲಿದರು. ಬನಹಟ್ಟಿಯ ಹಳೆಬಟ್ಟೆ ಗಂಟುಗಳಲ್ಲೆಲ್ಲ ಕೈಯಾಡಿಸಿ ಅದೇ ಬಣ್ಣದ ಖಣ ಹುಡುಕಿದರು. ಒಂಬತ್ತು ಅರೆ ಕೂಡಿಸಿದರು. ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ, ಒಲೆಯ ಹೊಗೆಗೆ ಹಿಡಿದು, ಕೊನೆಗೆ ಅಂಗಡಿಯ ಗಾದಿಯ ಮೇಲಿಟ್ಟು ಅದರ ಮೇಲೆ ತಾವೇ ಕುಳಿತು ವ್ಯಾಪಾರ ಮಾಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೆ ಎಂಬತ್ತು ವರ್ಷ ವಯಸ್ಸಾಗಿತ್ತು. ಎಲೆ ತಿನ್ನದ ಮನುಷ್ಯನ ಕೆಲಸ, ಒಳಗೆ ಒಂದೆರಡು ಒಣ ಎಲೆ ತುರುಕಿ ಕಸಿ ಎಳೆದರು. ಕುಣಿಗೆ ಹೋಗುವ ಚಂಚಿಯೊಳಗೆ ಯಾರು ನೋಡುತ್ತಾರೆ?

ಒಂದು ದಿನ ಬೆಳಿಗ್ಗೆ ತಂಗೆವ್ವನ ಮಗ ರೇವಪ್ಪನ ಫೋನ್ ಬಂತು. “ಅಣ್ಣಾ, ಅವ್ವ ಮಾತ ನಿಲ್ಲಿಸ್ಯಾಳ. ಲಗೂನ ಬಾ.”

ಬಸ್ಸಿನಲ್ಲಿ ಗಂಗಾಂಬಿಕಾ ಗಂಡನ ತೊಡೆಯ ಮೇಲಿನ ಚೀಲ ನೋಡಿದಳು. “ಚೀಲದಾಗ ಏನೈತ್ರಿ?”

“ಬಾಳಿಹಣ್ಣು.”

“ಮಾತ ನಿಂತ ಮುದಕಿಗೆ ಬಾಳಿಹಣ್ಣ?”

ಬಾಳೆಹಣ್ಣು ಇದ್ದದ್ದು ಖರೆ. ಅದರ ಕೆಳಗೆ ನಕಲು ಚಂಚಿ ಇತ್ತು.

ರನ್ನ ಬೆಳಗಲಿಯ ಓಣಿಯಲ್ಲಿ ಚನಮಲ್ಲಪ್ಪನವರು ಕಾಲಿಟ್ಟದ್ದೇ ಕಟ್ಟೆಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. “ಚಂಚಿ ಸಾವಕಾರ್ರು ಬಂದ್ರು. ಆತು ತಗೀರಿ ಇನ್ನ,” ಎಂದು ಒಬ್ಬ ಬೀಡಿ ಆರಿಸಿ ಎದ್ದ. ಎದುರು ಮನೆಯ ಸುಂದರವ್ವ, ಹಾಡ್ಯಾಡಿ ಅಳುವುದರಲ್ಲಿ ಸುತ್ತಲಿನ ಊರುಗಳಿಗೆಲ್ಲ ಹೆಸರಾದವಳು, ಗಂಟಲಿಗೆ ಬಿಸಿನೀರು ಕುಡಿಯಲು ಒಳಗೆ ಹೋದಳು.

ತಂಗೆವ್ವ ನಡುಮನೆಯಲ್ಲಿ ಮಲಗಿದ್ದಳು. ಮುಖ ಬತ್ತಿ ಹೋಗಿತ್ತು, ಕೈಕಾಲು ತಣ್ಣಗಿದ್ದವು. ಹೆಂಗಸರು ನೀರು ಕಾಯಿಸಲೆಂದು, ರೇವಪ್ಪ ಔಷಧಿಗೆಂದು ಹೊರಗೆ ಹೋದಾಗ ಚನಮಲ್ಲಪ್ಪನವರು ಅವಳ ಪಕ್ಕದಲ್ಲಿ ಒಬ್ಬರೇ ಉಳಿದರು. ಅವಳ ಕೈ ಅಭ್ಯಾಸದಂತೆ ಸೊಂಟದ ಮೇಲಿತ್ತು. ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. ಏಟು ಬೀಳಲಿಲ್ಲ. ಸೆರಗು ಸರಿಸಿ ಕಸಿಯ ಗಂಟಿಗೆ ಬೆರಳು ಹಾಕಿದರು. ಬೈಗುಳ ಬರಲಿಲ್ಲ. ಗಂಟು ಬಿಚ್ಚಿ, ಚಂಚಿ ಎಳೆದು, ತಮ್ಮ ಅಂಗಿಯೊಳಗೆ ಇಳಿಸಿ, ಆ ಜಾಗಕ್ಕೆ ನಕಲು ಕಟ್ಟಿದರು. ಆಗಲೂ ಏನೂ ಇಲ್ಲ.

ಕೆಲಸ ಮುಗಿದಮೇಲೆ ಅವರಿಗೆ ವಿಷಯ ಹೊಳೆಯಿತು. ಚಂಚಿಗೆ ಕೈ ಹಾಕಿದರೂ ಚಿಗವ್ವ ಸುಮ್ಮನಿದ್ದಾಳೆಂದರೆ ಅದರ ಅರ್ಥ ಒಂದೇ. ಉಸಿರು ನೋಡಲಿಲ್ಲ, ನಾಡಿ ಹಿಡಿಯಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಡಾಕ್ಟರಿಗೆ ಸಿಗಬೇಕು? ಹೊರಗೆ ಬಂದು ಬಾಗಿಲು ಹಿಡಿದುಕೊಂಡು, ಔಷಧಿ ತಂದು ಮೆಟ್ಟಿಲೇರುತ್ತಿದ್ದವನಿಗೆ, “ರೇವಪ್ಪಾ, ಅವ್ವ ಲಿಂಗೈಕ್ಯ ಆದಳೋ,” ಎಂದರು.

“ಖರೆನ ಅಣ್ಣಾ? ಈಗರೆ ಉಸರ ಇತ್ತು.”

“ನಾ ಎಷ್ಟ ಮಣ್ಣ ಕಂಡೇನಿ, ನನಗ ತಿಳಿಯೂದಿಲ್ಲೇನು?”

ಆ ಮಾತಿಗೆ ಎದುರು ಮಾತಿಲ್ಲ. ಮಂದಿ ಕೂಡಿದರು. ನಾಲ್ವರು ಸಲಿಕೆ ಗುದ್ದಲಿ ಹಿಡಿದು ಹೊಲದ ಬದುವಿಗೆ ಹೋಗಿ ಚನಮಲ್ಲಪ್ಪನವರು ಹೇಳಿದ ಅಳತೆಗೆ ಕುಣಿ ತೋಡಿದರು. ಕ್ರಿಯೆ ಮಾಡಿಸುವ ಅಯ್ಯನವರು ಬಂದರು, ಭಜನೆಯವರು ಹಾರ್ಮೋನಿಯಂ ಸಮೇತ ಬಂದರು. ತಂಗೆವ್ವನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದು ಹಾರ ಹಾಕಿದರು. ಹಾಡಿನ ನಡುವೆ ಚನಮಲ್ಲಪ್ಪನವರಿಗೆ ಅಳು ತಾನಾಗಿ ಬಂತು. ಅದು ಸುಳ್ಳು ಅಳುವಲ್ಲ. ಬೆಲ್ಲದ ಅರೆ ನೆನಪಾಗಿತ್ತು. ಆದರೆ ಬಗ್ಗಿ ಅಳುವ ಹಾಗಿರಲಿಲ್ಲ. ಬಗ್ಗಿದರೆ ಅಂಗಿಯೊಳಗಿನ ಸುಣ್ಣದ ಡಬ್ಬಿ ಹೊಟ್ಟೆಗೆ ಒತ್ತುತ್ತಿತ್ತು.

ಸುಂದರವ್ವ ತಂಗೆವ್ವನ ತೊಡೆ ತಟ್ಟುತ್ತ ಹಾಡಿ ಹಾಡಿ ಅಳುತ್ತಿದ್ದಳು. “ಎಲಿ ಕೊಟ್ಟ ಕೈಯ ಎತ್ತ ಹೋತ ನನ್ನವ್ವಾ, ಅಡಿಕಿ ಕೊಟ್ಟ ಬೆರಳ ಎತ್ತ ಹೋತ...”

ಎತ್ತಲೂ ಹೋಗಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಆ ಕೈ ಹಾರದ ಕೆಳಗಿನಿಂದ ನಿಧಾನವಾಗಿ ಸರಿದು ಸೊಂಟಕ್ಕೆ ಹೋಯಿತು. ಕಸಿ ಸಡಿಲಿಸಿತು. ಒಂದು ಅರೆ, ಎರಡನೆಯ ಅರೆ ದಾಟಿ ಮೂರನೆಯದರೊಳಗೆ ಬೆರಳು ಇಳಿದು, ಅಲ್ಲಿ ತಡಕಾಡಿತು. ಭಜನೆಯವರಲ್ಲಿ ತಾಳದವನು ಮೊದಲು ನಿಂತ. ಹಾರ್ಮೋನಿಯಂ ತನ್ನಷ್ಟಕ್ಕೆ ಒಂದೇ ಸ್ವರ ಎಳೆಯುತ್ತ ಉಳಿಯಿತು.

“ಸುಣ್ಣ ಎಲ್ಲೈತಿ?” ಎಂದಳು ತಂಗೆವ್ವ, ಕಣ್ಣು ತೆರೆಯದೆ.

ಪಡಸಾಲೆ ಖಾಲಿಯಾಯಿತು. ಸುಂದರವ್ವ ಎರಡು ಮೆಟ್ಟಿಲು ಒಮ್ಮೆಗೇ ಇಳಿದಳು. ಅಯ್ಯನವರು ಹೋಗಲಿಲ್ಲ, ಅವರಿಗೆ ಮಂಡಿನೋವು. ಗಂಗಾಂಬಿಕಾ ಒಬ್ಬಳೇ ಮುಂದೆ ಹೋಗಿ, “ಅತ್ತಿ, ಅತ್ತಿ,” ಎಂದು ಅಳುತ್ತ ನಗುತ್ತ ಮುದುಕಿಯನ್ನು ತಬ್ಬಿಕೊಂಡಳು. ಊರಿನ ನರ್ಸಬಾಯಿ ಓಡಿ ಬಂದು ಬೆರಳು ಚುಚ್ಚಿ ನೋಡಿ, ಸಕ್ಕರೆ ಪೂರಾ ಇಳಿದು ಎಚ್ಚರ ತಪ್ಪಿತ್ತು ಎಂದಳು. ಸಕ್ಕರೆ ಕಲಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಮುದುಕಿ ಕಣ್ಣು ಬಿಟ್ಟಳು. ಹಾರ ನೋಡಿದಳು, ವಿಭೂತಿ ಮುಟ್ಟಿಕೊಂಡಳು, ಅಯ್ಯನವರನ್ನು ಕಂಡಳು. ಏನಾಗಿದೆಯೆಂದು ಅವಳಿಗೆ ಹೇಳಿಕೊಡಬೇಕಾಗಲಿಲ್ಲ.

“ಸತ್ತೇನಿ ಅಂತ ಯಾರ ಹೇಳಿದ್ರು?”

ಮೆಲ್ಲಗೆ ಮರಳಿ ಬಂದವರೆಲ್ಲರೂ ಚನಮಲ್ಲಪ್ಪನವರನ್ನು ನೋಡಿದರು.

“ಹೆಂಗ ತಿಳೀತು ನಿನಗ, ಚನ್ನ್ಯಾ?”

ಚನಮಲ್ಲಪ್ಪನವರು ಅಂಗಿಯ ಮೇಲೆ ಕೈ ಅಡ್ಡ ಇಟ್ಟುಕೊಂಡರು. ತಂಗೆವ್ವ ಸೊಂಟದ ಚಂಚಿಯನ್ನು ಬಿಚ್ಚಿ ಮೂಗಿಗೆ ಹಿಡಿದಳು.

“ಇದು ನಂದಲ್ಲ. ಇದಕ ಚಹಾದ ವಾಸನಿ ಬರಾಕತೈತಿ.”

ಗಂಗಾಂಬಿಕಾ ಆ ಚಂಚಿಯನ್ನು ತಾನೂ ಮೂಸಿದಳು. ಮಳೆಗಾಲವೆಲ್ಲ ತನ್ನ ಚಹಾಪುಡಿ ಡಬ್ಬಿ ಎರಡು ದಿನಕ್ಕೊಮ್ಮೆ ಯಾಕೆ ಬರಿದಾಗುತ್ತಿತ್ತು ಎಂದು ಅವಳಿಗೆ ಆಗ ತಿಳಿಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ, ನಾಲ್ಕು ಜನರ ಎದುರಿಗೆ, ಗಂಡನ ಅಂಗಿಯ ಗುಂಡಿ ತಾನೇ ಬಿಚ್ಚಿದಳು. ಕೈ ಹಾಕಿ ಅಸಲಿ ಚಂಚಿಯನ್ನು ಹೊರತೆಗೆದು ಅತ್ತೆಯ ತೊಡೆಯ ಮೇಲಿಟ್ಟಳು. ಚನಮಲ್ಲಪ್ಪನವರು ಕುಣಿ ಎಲ್ಲಿದೆ ಎಂದು ಯೋಚಿಸಿದರು. ಅಳತೆ ಅವರದೇ, ಸರಿಯಾಗಿ ಹಿಡಿಸುತ್ತಿತ್ತು.

ಕುಣಿಯ ಮಾತು ಅಯ್ಯನವರಿಗೂ ಆಗಲೇ ನೆನಪಾಯಿತು. “ಅದೆಲ್ಲಾ ಇರಲಿ,” ಎಂದರು. “ತೋಡಿದ ಕುಣಿ ಬರೇ ಮುಚ್ಚಾಕ ಬರೂದಿಲ್ಲ. ಬರೇ ಮುಚ್ಚಿದ್ರ ಅದು ಒಳಗೊಬ್ಬರನ್ನ ಕರೀತೈತಿ ಅಂತಾರ. ಸತ್ತವರದೇನರೆ ಅದರಾಗ ಇಡಬೇಕು.”

ಬಾಗಿಲಲ್ಲಿ ಇಣುಕುತ್ತಿದ್ದ ಇಬ್ಬರು ಮುದುಕರು ಮನೆಯ ದಾರಿ ಹಿಡಿದರು. ಕುಂಬಳಕಾಯಿ ಇಡೋಣವೆಂದು ಒಬ್ಬ, ತೆಂಗಿನಕಾಯಿ ಎಂದು ಇನ್ನೊಬ್ಬ. ಅವು ಸತ್ತವರವಲ್ಲ ಎಂದು ಅಯ್ಯನವರು ಒಪ್ಪಲಿಲ್ಲ. ರೇವಪ್ಪ ತಲೆ ಮೇಲೆ ಕೈ ಹೊತ್ತು ಕೂತ. “ಸತ್ತವರದು ಏನೂ ಉಳಿದಿಲ್ರಿ ನಮ್ಮ ಮನ್ಯಾಗ. ಎಲ್ಲಾ ಅವರ ಸಂಗಾಟನ ಕಳಿಸೇವಿ.”

“ನಮ್ಮ ಮನ್ಯಾಗ ಅದಾವ್ರಿ ಅಯ್ಯನವರ,” ಎಂದಳು ಗಂಗಾಂಬಿಕಾ.

“ಏನ ಅದಾವವ್ವ?”

“ಸತ್ತವರವು. ಬೇಕಾದಷ್ಟ ಅದಾವು. ಒಬ್ಬೊಬ್ಬರದೂ ಹೆಸರ ಹೇಳತೇನಿ.”

“ಗಂಗಾ,” ಎಂದರು ಚನಮಲ್ಲಪ್ಪನವರು. ಮದುವೆಯಾದ ಹೊಸದರಲ್ಲಿ ಮಾತ್ರ ಅವರು ಅವಳನ್ನು ಹಾಗೆ ಕರೆಯುತ್ತಿದ್ದದ್ದು. ಈಗ ಕರೆದು ಉಪಯೋಗವಾಗಲಿಲ್ಲ.

ತಂಗೆವ್ವ ತನ್ನ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. “ತರಸ್ರಿ,” ಎಂದಳು. “ಪಾಪ, ಅಲ್ಲಿ ಹೊಸ ಚಂಚಿ ತಗೊಂಡು ಏನ ಮಾಡಾಕತ್ತಾರೋ. ಹೊಸಾದರಾಗ ಯಾವ ಅರಿಯೊಳಗ ಏನೈತಿ ಅಂತ ಕೈಗೆ ತಿಳಿಯೂದಿಲ್ಲ. ಅವರವು ಅವರಿಗೆ ಮುಟ್ಟಲಿ.”

ರೇವಪ್ಪನ ಟಂಟಂ ಆಟೋದಲ್ಲಿ ಕೀಲಿಕೈ ಹಿಡಿದುಕೊಂಡು ಗಂಗಾಂಬಿಕಾ ತಾನೇ ರಬಕವಿಗೆ ಹೋಗಿ ಬಂದಳು. ಗೂಟಗಳಲ್ಲಿ ಒಂದನ್ನೂ ಬಿಡದೆ ಎಲ್ಲವನ್ನೂ ಒಂದು ಹಳೆ ಸೀರೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಹೊತ್ತು ಇಳಿಯುವ ಮೊದಲೇ ಊರೆಲ್ಲ ಹೊಲದ ಬದುವಿನ ಮೇಲೆ ನೆರೆಯಿತು. ತಂಗೆವ್ವನನ್ನು ಕುರ್ಚಿಯ ಮೇಲೆ ಕೂಡಿಸಿ ಹೊತ್ತು ತಂದರು. ತನ್ನ ಕುಣಿಯನ್ನು ಅವಳು ಬಗ್ಗಿ ನೋಡಿ, “ಛಲೋ ತೋಡ್ಯಾರ,” ಎಂದಳು.

ಕುಣಿಯೊಳಗೆ ಇಳಿಯುವವರು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಚನಮಲ್ಲಪ್ಪನವರು ಇಳಿದರು. ಮೇಲಿನಿಂದ ಗಂಗಾಂಬಿಕಾ ಒಂದೊಂದೇ ಚಂಚಿ ಕೊಡುತ್ತ ಹೆಸರು ಹೇಳಿದಳು. “ಬೀಳಗಿ ಅತ್ತಿ. ಲೋಕಾಪುರದ ದುಂಡೇಶಕಾಕಾ. ಬಾಳೇಶನ ಮುತ್ಯಾ.” ಭಜನೆಯವರು ಅರ್ಧಕ್ಕೆ ಬಿಟ್ಟ ಪದವನ್ನು ಮತ್ತೆ ಎತ್ತಿಕೊಂಡರು. ಗುಂಪಿನಲ್ಲಿ ಯಾರದೋ ಅಜ್ಜಿಯ ಹೆಸರು ಬಂತು, ಯಾರದೋ ಅಪ್ಪನ ಹೆಸರು ಬಂತು. ಮರೆತು ಕೂತಿದ್ದವರೆಲ್ಲ ಇನ್ನೊಮ್ಮೆ ಕಣ್ಣೊರೆಸಿಕೊಂಡರು. ಚನಮಲ್ಲಪ್ಪನವರು ತೇಪೆಯೊಂದನ್ನು ಬೆರಳಿನಿಂದ ಸವರಿ, ಕಸಿಯೊಂದನ್ನು ನೇರ ಮಾಡಿ, ಒಂದರ ಪಕ್ಕ ಒಂದು ಇಡುತ್ತ ಹೋದರು. ಅವರ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಲ್ಲಿ ನೆರೆದವರಲ್ಲಿ ಅಷ್ಟು ದುಃಖ ಯಾರಿಗೂ ಆಗಿರಲಿಲ್ಲ. ಈ ಸಲ ಅಂಗಿಯೊಳಗೆ ಏನೂ ಇಲ್ಲದ್ದರಿಂದ ಬಗ್ಗಿ ಅಳಲಿಕ್ಕೂ ಬರುತ್ತಿತ್ತು.

ಸುಂದರವ್ವನಿಗೆ ನೋಡಲಾಗಲಿಲ್ಲ. ಹೇಗೂ ಅವಳ ಹಾಡು ಅರ್ಧಕ್ಕೆ ನಿಂತಿತ್ತು. ಕುಣಿಯ ಅಂಚಿಗೆ ಕೂತು, ಉಳಿದದ್ದನ್ನು ಚನಮಲ್ಲಪ್ಪನವರ ಹೆಸರು ಹಾಕಿ ಹಾಡಿ ಮುಗಿಸಿದಳು.

ಮಣ್ಣು ಎಳೆದು ಮುಗಿದಮೇಲೆ ತಂಗೆವ್ವ ಅವರನ್ನು ಹತ್ತಿರ ಕರೆದಳು. ಸಣ್ಣ ಅರೆಗೆ ಬೆರಳು ಹಾಕಿ ಬೆಲ್ಲದ ಚೂರೊಂದನ್ನು ತೆಗೆದು ಅವರ ಬಾಯಿಗೆ ಇಟ್ಟಳು. ಆಮೇಲೆ ನಕಲು ಚಂಚಿಯನ್ನು ಅವರ ಅಂಗೈಯಲ್ಲಿಟ್ಟಳು.

“ಹೊಲಿಗಿ ಛಲೋ ಹಾಕೀಯೋ ಚನ್ನ್ಯಾ. ಇದನ್ನ ನೀ ಇಟಗೋ. ಮುಂದೊಂದಿನ ನಿನಗ ಬೇಕಾಕ್ಕೈತಿ.”

ಈಗ ರಬಕವಿಯ ಮನೆಯಲ್ಲಿ ಗೂಟಗಳು ಬರಿದಾಗಿವೆ. ಒಂದಕ್ಕೆ ಜರಡಿ, ಒಂದಕ್ಕೆ ಮೊರ ತೂಗುಹಾಕಿದೆ. ಉಳಿದದ್ದು ಆ ಒಂದೇ ಚಂಚಿ, ತಾವೇ ಹೊಲಿದದ್ದಾದರೂ ಒಂಬತ್ತು ಅರೆಯದು. ಚನಮಲ್ಲಪ್ಪನವರು ಅದನ್ನಾದರೂ ಗೋಡೆಗೆ ಹಾಕೋಣವೆಂದು ಮೊಳೆ ಹಿಡಿದುಕೊಂಡು ಬಂದರೆ ಚಂಚಿ ಇಟ್ಟಲ್ಲಿ ಇರಲಿಲ್ಲ. ಗಂಗಾಂಬಿಕಾ ಅದರ ಅರೆಗಳಲ್ಲಿ ಎಲೆ, ಅಡಿಕೆ, ಹೊಸ ಸುಣ್ಣದ ಡಬ್ಬಿ ಎಲ್ಲ ತುಂಬಿ, ಕಸಿ ಎಳೆದು, ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಿದ್ದಳು.

“ನಾ ಎಲಿ ತಿನ್ನೂದಿಲ್ಲ ಅಂತ ನಿನಗ ಗೊತ್ತೈತಿ,” ಎಂದರು ಅವರು. “ಅದನ್ಯಾಕ ಕೀಲಿ ಹಾಕಿ ಇಡತಿ?”

ಗಂಗಾಂಬಿಕಾ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಹೊತ್ತಿಗೆ ಸಿಗಬೇಕಲ್ರಿ.”